ನೇತ್ರಾಣಿಗೆ ಗುಂಪಾಗಿ ಹೋಗುವವರಿಗೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ನಾರ್ಕೆಲಿಂಗ್‌ಗೆ (ಬಾಯಲ್ಲಿ ಉಸಿರಿನ ಕೊಳವೆ ಇಟ್ಟುಕೊಂಡು, ಮುಖ ನೀರಲ್ಲಿಟ್ಟು ಈಜುವುದು) ಹತ್ತು ಹನ್ನೆರಡು ಜನ ಹೋಗುವುದಾದರೆ ಇಡೀ ದೋಣಿಯನ್ನೇ ಮಾತಾಡಿಕೊಳ್ಳಿ. ದುಡ್ಡು ಕೊಡುವ ಮೊದಲು ಒಂದು ವಿಷಯ ಕೇಳಿ: ಕಡಲು ಜೋರಾಗಿ ಟ್ರಿಪ್ ರದ್ದಾದರೆ ಅಡ್ವಾನ್ಸ್ ವಾಪಸ್ಸಾ, ಇಲ್ಲಾ ಬೇರೆ ದಿನ ಕೊಡ್ತಾರಾ? ಉತ್ತರವನ್ನು ವಾಟ್ಸಾಪ್‌ನಲ್ಲೇ ಬರೆಸಿಕೊಳ್ಳಿ. ನಾವು ಬಾಯಿಮಾತು ನಂಬಿ ಅಡ್ವಾನ್ಸ್ ಕಳೆದುಕೊಂಡೆವು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯದು, ನೀರು ತಿಳಿಯಾಗಿರುತ್ತದೆ.

ದಡದಿಂದ ಸುಮಾರು 19 ಕಿ.ಮೀ. ದೂರ, ದೋಣಿ ಚೆನ್ನಾಗಿಯೇ ಕುಲುಕುತ್ತದೆ. ವಾಂತಿ ಆಗುವವರು ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ನುಂಗಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಸುಮ್ನೆ ದಂಡ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಬನ್ಸ್ ಆಸೆ ವಾಪಸ್ ಬಂದ ಮೇಲೆ ತೀರಿಸಿಕೊಳ್ಳಿ! ಲೈಫ್ ಜಾಕೆಟ್‌ಗಳನ್ನು ತಲೆ ಎಣಿಸಿ ನೋಡಿ, ಮಕ್ಕಳ ಅಳತೆಯದು ಇದೆಯಾ ಅಂತಲೂ.