ಹೊಸ ಹೈಸ್ಕೂಲಿಗೆ ಜಾಗ: ಊರುಗಳ ತಕರಾರನ್ನು ಅಳತೆಗೆ ತಂದು ಬಗೆಹರಿಸುವ ಕ್ರಮ

ಹೈಸ್ಕೂಲು ಬೇಕು ಎನ್ನುವುದಕ್ಕೆ ಯಾವ ಊರಿನದೂ ತಕರಾರಿರುವುದಿಲ್ಲ. ಎಲ್ಲಿ ಕಟ್ಟುವುದು ಎಂದ ಕೂಡಲೇ ಸಭೆ ಎರಡು ಪಾಲಾಗುತ್ತದೆ. ಜಾಗ ಆಯ್ಕೆ ಸಮಿತಿಗಳ ಜೊತೆ ಕೆಲಸ ಮಾಡುವಾಗ ನಾನು ಎಲ್ಲಕ್ಕಿಂತ ಮೊದಲು ಗಮನಿಸುವುದು ಇದನ್ನೇ: ಜನ ಜಗಳವಾಡುವುದು ಜಮೀನಿನ ಹೆಸರು ಹಿಡಿದು, ಒಳಗಿರುವ ಪ್ರಶ್ನೆ ಮಾತ್ರ ದೂರ ಯಾರ ಮಕ್ಕಳ ಪಾಲಿಗೆ ಬರುತ್ತದೆ ಎನ್ನುವುದು. ಅದನ್ನು ಬಾಯಿಬಿಟ್ಟು ಕೇಳಿ, ಲೆಕ್ಕ ಹಾಕಿ, ಎಲ್ಲರೆದುರು ಇತ್ಯರ್ಥ ಮಾಡದಿದ್ದರೆ ಮಣ್ಣು, ನೀರು, ರಸ್ತೆ ಎಂದು ಎಷ್ಟು ವರದಿ ತರಿಸಿದರೂ ಮಾತು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಆದ್ದರಿಂದ ನನ್ನ ಕ್ರಮದಲ್ಲಿ ಮೊದಲು ನಿಯಮ, ಆಮೇಲೆ ಜಾಗದ ಹೆಸರು. ಶಾಲೆಯ ಜಾಗ ಹೇಗಿರಬೇಕು ಎನ್ನುವುದನ್ನು ಒಂದೊಂದು ಊರಿನಲ್ಲೂ ಪ್ರತ್ಯೇಕ ಸಭೆ ಸೇರಿಸಿ ಬರೆದುಕೊಳ್ಳುತ್ತೇನೆ. ದೊಡ್ಡ ಊರಿನಲ್ಲಿ ಒಂದೇ ಸಭೆ ಕರೆದರೆ ದೂರದ ಊರಿನವರು, ಅದರಲ್ಲೂ ತಾಯಂದಿರು, ಬರುವುದು ಕಷ್ಟ. ಬಂದವರ ಕೈ ಎತ್ತಿಸಿ ಎಣಿಸಿದರೆ ದೊಡ್ಡ ಊರೇ ಗೆಲ್ಲುತ್ತದೆ, ಸೋತವರು ಆ ತೀರ್ಮಾನವನ್ನು ಎಂದೂ ಒಪ್ಪುವುದಿಲ್ಲ. ಜಮೀನಿನ ಹೆಸರು ಮೊದಲೇ ಹೊರಬಿದ್ದರೆ ಸುತ್ತಮುತ್ತಲಿನ ಬೆಲೆ ಏರುತ್ತದೆ, ಜೊತೆಗೆ ಪ್ರತಿಯೊಬ್ಬರೂ ತಮಗೆ ಬೇಕಾದ ಜಾಗ ಪಾಸಾಗುವಂಥ ನಿಯಮವನ್ನೇ ಹೇಳತೊಡಗುತ್ತಾರೆ. ಸಮಿತಿಯ ಸದಸ್ಯರು ತಮಗೂ ತಮ್ಮ ನೆಂಟರಿಗೂ ಎಲ್ಲೆಲ್ಲಿ ಜಮೀನಿದೆ ಎಂಬುದನ್ನು ಈ ಹಂತದಲ್ಲೇ ಬರೆದುಕೊಡಬೇಕು. ಹೆಸರುಗಳು ಬಂದ ಮೇಲೆ ಕೇಳಿದರೆ ಅದು ಆರೋಪದಂತೆ ಕೇಳಿಸುತ್ತದೆ.

ನಂತರ ಮಕ್ಕಳ ಲೆಕ್ಕ. ಪ್ರಾಥಮಿಕ ಶಾಲೆಗಳ ದಾಖಲಾತಿ ಪುಸ್ತಕದಿಂದ ಊರುವಾರು, ತರಗತಿವಾರು ಎಣಿಸುತ್ತೇನೆ. ಐದು ವರ್ಷದ ನಂತರ ಹೈಸ್ಕೂಲಿಗೆ ಬರುವವರು ಈಗಾಗಲೇ ಕೆಳಗಿನ ತರಗತಿಗಳಲ್ಲಿ ಕುಳಿತಿರುತ್ತಾರೆ, ಹಾಗಾಗಿ ಇಲ್ಲಿ ಊಹೆಗೆ ಹೆಚ್ಚು ಜಾಗವಿಲ್ಲ. ದೂರವನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯಬಾರದು. ಹಳ್ಳವೋ ರೈಲು ಹಳಿಯೋ ಅಡ್ಡ ಬಂದರೆ ನಕ್ಷೆಯ 1 ಕಿಲೋಮೀಟರ್ ಕಾಲಿಗೆ 3 ಆಗುತ್ತದೆ. ಮಕ್ಕಳು ನಿಜವಾಗಿ ನಡೆಯುವ ದಾರಿಯಲ್ಲಿ, ಶಾಲೆಗೆ ಹೊರಡುವ ಹೊತ್ತಿನಲ್ಲೇ, ಎರಡೂ ಕಡೆಯವರನ್ನು ಕರೆದುಕೊಂಡು ನಡೆದು ನೋಡಬೇಕು. ಗಂಟೆಗೆ 4 ಕಿಲೋಮೀಟರಿನಂತೆ 3 ಕಿಲೋಮೀಟರಿಗೆ 45 ನಿಮಿಷ ಬೇಕು. ಮಳೆಯಲ್ಲಿ ದಾಟಲಾಗದ ಹಳ್ಳವಿದ್ದರೆ ಆ ದಾರಿಯನ್ನು ದಾರಿ ಎಂದೇ ಎಣಿಸುವುದಿಲ್ಲ.

ಈಗ ಜಗಳದ ತಿರುಳು. ಒಂದೇ ರಸ್ತೆಯ ಮೇಲೆ ಮೂರು ಊರುಗಳಿವೆ ಎನ್ನಿ. ಮೊದಲ ಊರಿನಲ್ಲಿ 100 ವಿದ್ಯಾರ್ಥಿಗಳು. ಅಲ್ಲಿಂದ 4ನೇ ಕಿಲೋಮೀಟರಿನಲ್ಲಿರುವ ನಡುವಿನ ಊರಿನಲ್ಲಿ 60. 10ನೇ ಕಿಲೋಮೀಟರಿನ ಕೊನೆಯ ಊರಿನಲ್ಲಿ 90. ಶಾಲೆ ನಡುವಿನ ಊರಿನಲ್ಲಿದ್ದರೆ ಎಲ್ಲ ಮಕ್ಕಳ ಒಂದು ಕಡೆಯ ಒಟ್ಟು ದೂರ 940 ಕಿಲೋಮೀಟರ್. ಮೊದಲ ಊರಿನಲ್ಲಿದ್ದರೆ 1,140, ಕೊನೆಯ ಊರಿನಲ್ಲಿದ್ದರೆ 1,360. ರಸ್ತೆಯ ಸರಿಮಧ್ಯದಲ್ಲಿ, ಅಂದರೆ 5ನೇ ಕಿಲೋಮೀಟರಿನ ಬಯಲಿನಲ್ಲಿ ಕಟ್ಟಿದರೆ 1,010. ಒಟ್ಟು ದೂರ ನೋಡಿದರೆ ನಡುವಿನ ಊರೇ ಸರಿ. ಆದರೆ ಆಗ ಕೊನೆಯ ಊರಿನ ಮಕ್ಕಳಿಗೆ 6 ಕಿಲೋಮೀಟರ್ ಬೀಳುತ್ತದೆ. ಬಯಲಿನಲ್ಲಾದರೆ ಯಾರಿಗೂ 5ಕ್ಕಿಂತ ಹೆಚ್ಚಿಲ್ಲ. ಶಾಲೆಯನ್ನು ಆ 1 ಕಿಲೋಮೀಟರ್ ಸರಿಸಿದರೆ 90 ಮಕ್ಕಳಿಗೆ ಲಾಭ, 160 ಮಕ್ಕಳಿಗೆ ನಷ್ಟ. ಎರಡು ಲೆಕ್ಕವೂ ಸರಿ, ಎರಡರ ಉತ್ತರ ಮಾತ್ರ ಬೇರೆ.

ಮೊದಲ ಊರಿನ ಮಕ್ಕಳನ್ನು 160ಕ್ಕೆ ಏರಿಸಿ ನೋಡಿ. ಒಟ್ಟು 310ರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಊರಿನವರಾದರು, ಆಗ ಒಟ್ಟು ದೂರದ ಲೆಕ್ಕ ಶಾಲೆಯನ್ನು ಆ ಊರಿಗೇ ತೆಗೆದುಕೊಂಡು ಹೋಗುತ್ತದೆ, ಕೊನೆಯ ಊರು ಎಷ್ಟೇ ದೂರವಿರಲಿ. ದೊಡ್ಡ ಊರಿನವರು ‘ಹೆಚ್ಚು ಮಕ್ಕಳಿಗೆ ಹತ್ತಿರ’ ಎಂದೂ ಅಂಚಿನ ಊರಿನವರು ‘ಯಾರಿಗೂ ಬಹಳ ದೂರ ಆಗಬಾರದು’ ಎಂದೂ ಹೇಳುವುದು ಇದಕ್ಕೇ. ಇಬ್ಬರದೂ ನ್ಯಾಯದ ಮಾತೇ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಅವರದೇ ಊರುಗಳ ಅಂಕಿ ಹಾಕಿ ತೋರಿಸಿದಾಗ ಎದುರಿನವರದು ಬರೀ ಹಠ ಎನ್ನುವ ಭಾವನೆ ಸಡಿಲವಾಗುತ್ತದೆ.

ನಾನು ಒಪ್ಪಿಸುವ ನಿಯಮ ಎರಡು ಮೆಟ್ಟಿಲಿನದು. ಮೊದಲು ಗರಿಷ್ಠ ಮಿತಿ: ಇಷ್ಟು ನಿಮಿಷಕ್ಕಿಂತ ಹೆಚ್ಚು ಯಾವ ಮಗುವೂ ನಡೆಯಬಾರದು, ಮೀರಿದರೆ ಬಸ್ಸೋ ಸೈಕಲ್ಲೋ ಹಾಸ್ಟೆಲ್ಲೋ ಶಾಲೆ ತೆರೆಯುವ ದಿನವೇ ಇರಬೇಕು. ಆ ಮಿತಿಯೊಳಗೆ ಬರುವ ಜಾಗಗಳಲ್ಲಿ ಒಟ್ಟು ದೂರ ಕಡಿಮೆ ಇರುವುದು. ಈ ಕ್ರಮವೇ ಏಕೆಂದರೆ ದೂರದ ಭಾರ ಒಂದೇ ಸಮನಾಗಿ ಬೀಳುವುದಿಲ್ಲ. ಮನೆ ಬಾಗಿಲಲ್ಲಿ ಶಾಲೆಯಿದ್ದ ಮಗುವಿಗೆ 1 ಕಿಲೋಮೀಟರ್ ಹೆಚ್ಚಾದರೆ ಏನೂ ಆಗುವುದಿಲ್ಲ. ಈಗಾಗಲೇ 5 ನಡೆಯುವ ಹುಡುಗಿಗೆ ಅದೇ 1 ಕಿಲೋಮೀಟರ್ ಶಾಲೆ ಬಿಡಲು ಕಾರಣವಾಗಬಹುದು.

ಇಲ್ಲಿ ಸಾಮಾನ್ಯವಾಗಿ ಯಾರಾದರೊಬ್ಬರು ಎದ್ದು ‘ಎರಡೂ ಊರಿಗೆ ಬೇಡ, ನಡುವಿನ ಬಯಲಿನಲ್ಲಿ ಕಟ್ಟಿ’ ಎನ್ನುತ್ತಾರೆ. ಜಗಳ ಬೇಗ ಮುಗಿಯುತ್ತದೆಂದು ಸಮಿತಿಯೂ ಒಪ್ಪಿಬಿಡುತ್ತದೆ. ನಾನು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಎಸ್. ಎಲ್. ಹಕೀಮಿ ಎಂಬ ಸಂಶೋಧಕರು 1964ರಲ್ಲಿ ರಸ್ತೆಜಾಲಗಳ ಬಗ್ಗೆ ಗಣಿತದಿಂದ ಸಾಧಿಸಿ ತೋರಿಸಿದ್ದಾರೆ: ಒಟ್ಟು ದೂರ ಕನಿಷ್ಠವಾಗುವ ಜಾಗ ಊರುಗಳಲ್ಲೋ ರಸ್ತೆಗಳು ಕೂಡುವಲ್ಲೋ ಸಿಕ್ಕೇ ಸಿಗುತ್ತದೆ. ಎರಡು ಊರುಗಳ ನಡುವಿನ ಯಾವ ಬಿಂದುವೂ ಆ ಎರಡರಲ್ಲಿ ಉತ್ತಮವಾದುದನ್ನು ಮೀರಿಸುವುದಿಲ್ಲ. ಬಯಲಿನ ಜಾಗಕ್ಕೆ ನೀರಿನ ಪೈಪು, ವಿದ್ಯುತ್, ಬಸ್ ನಿಲುಗಡೆ, ರಾತ್ರಿ ಕಾವಲು ಎಲ್ಲವನ್ನೂ ಹೊಸದಾಗಿ ತರಬೇಕು. ಸಂಜೆ ಹೆಣ್ಣುಮಕ್ಕಳು ಎರಡೂ ದಿಕ್ಕಿಗೆ ನಿರ್ಜನ ರಸ್ತೆಯಲ್ಲಿ ನಡೆಯಬೇಕಾಗುತ್ತದೆ. ಗರಿಷ್ಠ ಮಿತಿಗಾಗಿ ಬಯಲೇ ಬೇಕೆಂದಾದರೆ ಸರಿ, ಕಟ್ಟೋಣ. ಇಬ್ಬರಿಗೂ ಸಿಗದಿರಲಿ ಎನ್ನುವ ಕಾರಣಕ್ಕೆ ಕಟ್ಟಬಾರದು.

ಇಷ್ಟಾದ ಮೇಲೆ ಜಾಗಗಳ ಹೆಸರುಗಳನ್ನು ಒಂದೇ ದಿನ, ಎಲ್ಲ ಊರುಗಳಲ್ಲೂ, ಒಂದೇ ಪಟ್ಟಿಯಲ್ಲಿ ಪ್ರಕಟಿಸುತ್ತೇವೆ. ಕಡಿಮೆಯೆಂದರೆ ಮೂರಿರಬೇಕು. ಒಂದೇ ಜಾಗ ಮುಂದಿಟ್ಟು ಅಭಿಪ್ರಾಯ ಕೇಳಿದರೆ ಜನ ಅದನ್ನು ಆಗಲೇ ಮುಗಿದುಹೋದ ತೀರ್ಮಾನ ಎಂದೇ ತಿಳಿಯುತ್ತಾರೆ.

ಪಟ್ಟಿಯ ಪ್ರತಿ ಜಾಗಕ್ಕೂ ಅಂಶವಾರು ಅಂಕ ಹಾಕಿ ಹೋಲಿಸುತ್ತೇವೆ. ಆದರೆ ಕೆಲವು ದೋಷಗಳು ಈ ಅಂಕದ ಪಟ್ಟಿಗೆ ಬರಲೇಬಾರದು, ಅವು ಜಾಗವನ್ನೇ ಹೊರಗೆ ಹಾಕಬೇಕು. ನೆರೆ ನೀರು ನಿಲ್ಲುವುದು, ಹಕ್ಕಿನ ಬಗ್ಗೆ ಕೋರ್ಟಿನಲ್ಲಿ ದಾವೆ, ಮೇಲೆ ಹಾದುಹೋಗುವ ಹೈಟೆನ್ಷನ್ ತಂತಿ, ಹಿಂದೆ ಕಸವೋ ರಾಸಾಯನಿಕವೋ ಹೂತಿದ್ದ ನೆಲ. ‘ಊರಿಗೆ ಹತ್ತಿರ’ ಎಂಬ ಅಂಕ ಇವನ್ನು ಮುಚ್ಚಿಹಾಕಬಾರದು. ಪುಕ್ಕಟೆ ಜಮೀನು ಬಂದಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಮೆರಿಕದ ನಯಾಗರಾ ಫಾಲ್ಸ್ ನಗರದಲ್ಲಿ ಹುಕರ್ ಕೆಮಿಕಲ್ ಕಂಪನಿ ತನ್ನ ತ್ಯಾಜ್ಯ ಹೂತಿದ್ದ ಲವ್ ಕೆನಾಲ್ ಜಾಗವನ್ನು 1953ರಲ್ಲಿ ಶಾಲಾ ಮಂಡಳಿಗೆ 1 ಡಾಲರಿಗೆ ಬರೆದುಕೊಟ್ಟಿತು. ತ್ಯಾಜ್ಯದಿಂದ ಮುಂದೆ ಹಾನಿಯಾದರೆ ತಾನು ಹೊಣೆಯಲ್ಲ ಎಂಬ ಮಾತು ಆ ಪತ್ರದಲ್ಲೇ ಇತ್ತು. ಆದರೂ ಅಲ್ಲಿ ಶಾಲೆ ಎದ್ದಿತು. 1978ರಲ್ಲಿ ಅದನ್ನು ಮುಚ್ಚಿ ಸುತ್ತಲಿನ ಕುಟುಂಬಗಳನ್ನೂ ಬೇರೆಡೆಗೆ ಕಳಿಸಬೇಕಾಯಿತು. ದಾನಪತ್ರದ ಪ್ರತಿ ಸಾಲನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿಸುವುದು ನನ್ನ ಕಡ್ಡಾಯ ಕ್ರಮಗಳಲ್ಲೊಂದು. ‘ಶಾಲೆ ನಿಂತರೆ ಜಮೀನು ವಾಪಸ್’, ‘ಇಂಥವರ ಹೆಸರಿಡಬೇಕು’, ‘ರಸ್ತೆ ಬದಿಯ ಜಮೀನು ನನಗೇ ಇರಲಿ’ ಎಂಬ ಷರತ್ತುಗಳು ಹೊರಬೀಳುವುದು ಆಗಲೇ. ರಸ್ತೆ ಬದಿಯ ಜಮೀನು ದಾನಿಯ ಬಳಿ ಉಳಿದರೆ ರಸ್ತೆಗೆ ಮುಖವಾದ ಅಂಗಡಿಗಳು ಅವರವು, ಶಾಲೆಗೆ ಉಳಿಯುವುದು ಒಂದು ಓಣಿ.

ಜಾಗದ ಒಳಗನ್ನು ಮಾತ್ರ ನೋಡಿದರೂ ಸಾಲದು, ಮೇಲಿನ ದಿಕ್ಕನ್ನೂ ನೋಡಬೇಕು. 1966ರ ಅಕ್ಟೋಬರ್ 21ರಂದು ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ ಗುಡ್ಡದ ಮೇಲೆ, ನೀರಿನ ಬುಗ್ಗೆಗಳಿದ್ದ ನೆಲದಲ್ಲಿ ಸುರಿದಿದ್ದ ಕಲ್ಲಿದ್ದಲು ಗಣಿಯ ತ್ಯಾಜ್ಯದ ರಾಶಿ ಜಾರಿ ಕೆಳಗಿದ್ದ ಶಾಲೆಯ ಮೇಲೆ ಬಿತ್ತು. 116 ಮಕ್ಕಳು, 28 ದೊಡ್ಡವರು ಸತ್ತರು. ಕಲ್ಲುಕ್ವಾರಿ, ಕೆರೆಯ ಏರಿ, ಕಡಿದಾದ ಗುಡ್ಡ ಮೇಲ್ಗಡೆ ಇದ್ದರೆ ತಜ್ಞರ ವರದಿ ಬರುವವರೆಗೆ ಆ ಜಾಗ ಪಟ್ಟಿಯಿಂದ ಹೊರಗೆ.

ವಿಸ್ತೀರ್ಣದ ವಾದವನ್ನು ಬಾಯಿಮಾತಿನಲ್ಲಿ ಮುಗಿಸಲಾಗುವುದಿಲ್ಲ, ಕಾಗದದಲ್ಲಿ ಮುಗಿಯುತ್ತದೆ. 400 ಮೀಟರ್ ಓಟದ ಪಥಕ್ಕೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ ಬೇಕು. ಅದೊಂದೇ 4 ಎಕರೆ. ಪ್ರತಿ ಜಾಗದ ನಕ್ಷೆಯನ್ನು 1ಕ್ಕೆ 500ರ ಪ್ರಮಾಣದಲ್ಲಿ ದೊಡ್ಡದಾಗಿ ಮುದ್ರಿಸಿ, ಅದೇ ಪ್ರಮಾಣದಲ್ಲಿ ರಟ್ಟಿನ ತುಂಡು ಕತ್ತರಿಸುತ್ತೇನೆ: ಮೈದಾನಕ್ಕೆ 35.4 ಸೆಂಟಿಮೀಟರ್‌ಗೆ 18.6, ತರಗತಿಗಳ ಸಾಲಿಗೆ ಒಂದು, ಶೌಚಾಲಯ, ಅಡುಗೆಮನೆ, ನೀರಿನ ಟ್ಯಾಂಕ್, ಬಸ್ ತಿರುಗುವ ಜಾಗಕ್ಕೆ ಒಂದೊಂದು. ಜಾಗದ ಪರ ಇರುವವರೇ ಜೋಡಿಸಲಿ, ವಿರೋಧಿಸುವವರು ನೋಡಲಿ. ‘10 ಎಕರೆ ಇದೆ’ ಎಂದವರ ಉದ್ದನೆಯ, ಅಗಲ ಕಡಿಮೆಯ ಜಮೀನಿನಲ್ಲಿ ಮೈದಾನ ಕೂರುವುದೇ ಇಲ್ಲ, 8 ಎಕರೆಯ ಚೌಕದಲ್ಲಿ ಎಲ್ಲವೂ ಕೂರುತ್ತದೆ.

ಇಳಿಜಾರಿನ ಖರ್ಚೂ ಹೀಗೆಯೇ ಕಣ್ಣಿಗೆ ಬೀಳುವುದಿಲ್ಲ. 93 ಮೀಟರ್ ಅಗಲದಲ್ಲಿ ನೂರಕ್ಕೆ 5ರ ಇಳಿಜಾರು ಇದ್ದರೆ ಎರಡು ಅಂಚುಗಳ ನಡುವೆ 4.65 ಮೀಟರ್ ವ್ಯತ್ಯಾಸ. ಅರ್ಧ ಅಗೆದು ಅರ್ಧ ತುಂಬಿ ಮಟ್ಟ ಮಾಡಿದರೂ ಸುಮಾರು 9,500 ಘನ ಮೀಟರ್ ಮಣ್ಣು ಅಗೆಯಬೇಕು. ತುಂಬಿದ ಭಾಗವನ್ನು ಪದರ ಪದರವಾಗಿ ದಮ್ಮಸ್ಸು ಮಾಡದಿದ್ದರೆ ಕುಸಿಯುತ್ತದೆ, ಅದರ ಮೇಲೆ ಕಟ್ಟಡವಂತೂ ಬೇಡ.

ಮಣ್ಣಿನ ಪರೀಕ್ಷೆಯಲ್ಲಿ ಒಂದನ್ನು ಜನರೆದುರೇ ಮಾಡಿಸುತ್ತೇನೆ. ಒಣಗಿಸಿ ಪುಡಿ ಮಾಡಿ 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಮಣ್ಣು, ತಲಾ 10 ಗ್ರಾಂ, 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಿಗೆ. ಒಂದಕ್ಕೆ ಶುದ್ಧೀಕರಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಡ್ಡಿಯಿಂದ ಕಲಕಿ ಗುಳ್ಳೆ ಹೋಗಿಸಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದರ ಮಟ್ಟ 10 ಮಿಲಿಲೀಟರ್, ನೀರಿನದರಲ್ಲಿ 16 ಇದ್ದರೆ ಉಬ್ಬು ನೂರಕ್ಕೆ 60. 50 ದಾಟಿತೆಂದರೆ ಅದು ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುವ ಮಣ್ಣು, ಮಾಮೂಲಿ ಪಾಯ ಹಾಕಿದರೆ ಗೋಡೆ ಸೀಳುತ್ತದೆ. ಎರಡು ಜಾಡಿಗಳನ್ನು ಪಕ್ಕಪಕ್ಕ ಕಂಡವರು ಮಣ್ಣಿನ ಬಗ್ಗೆ ಮತ್ತೆ ವಾದ ಮಾಡುವುದಿಲ್ಲ. ಇದರಿಂದ ಜಾಗ ಬಿಟ್ಟುಬಿಡಬೇಕೆಂದಲ್ಲ. ಪಾಯದ ಹೆಚ್ಚಿನ ಖರ್ಚು ಆ ಜಾಗದ ಲೆಕ್ಕಕ್ಕೆ ಸೇರಬೇಕು. ಭಾರ ಹೊರುವ ಶಕ್ತಿಗೆ ಕೊಳವೆ ಕೊರೆದು ಮಾಡುವ ಪರೀಕ್ಷೆ ಬೇರೆಯೇ ಇದೆ, ಅದನ್ನು ಕಟ್ಟಡ ಬರುವ ಕಡೆಗಳಲ್ಲೇ ಮಾಡಿಸಬೇಕು, ಮೂಲೆಯಲ್ಲಲ್ಲ.

ರಸ್ತೆ ಮತ್ತು ಸದ್ದು: ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ನಿಲ್ಲಲು 60ರಿಂದ 65 ಮೀಟರ್ ಬೇಕು, ಗೇಟಿನಿಂದ ಎರಡೂ ಕಡೆ ಅಷ್ಟಾದರೂ ರಸ್ತೆ ಕಾಣಬೇಕು. ತರಗತಿಯೊಳಗಿನ ಹಿನ್ನೆಲೆ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದ ಮಿತಿ 35 ಡೆಸಿಬೆಲ್; ಹೆದ್ದಾರಿಗೆ ತಾಗಿದ ಕಟ್ಟಡದಲ್ಲಿ ಕಿಟಕಿ ತೆರೆದು ಅದನ್ನು ಸಾಧಿಸಲಾಗುವುದಿಲ್ಲ.

ಅಂಕ ಹಾಕುವಾಗ ಹೆಚ್ಚು ಕೆಡುವುದು ಒಂದೇ ಗುಣವನ್ನು ಮೂರು ಹೆಸರಿನಲ್ಲಿ ಎಣಿಸುವುದರಿಂದ. ‘ಊರಿಗೆ ಹತ್ತಿರ’, ‘ಬಸ್ ನಿಲ್ದಾಣಕ್ಕೆ ಹತ್ತಿರ’, ‘ಪೇಟೆಗೆ ಹತ್ತಿರ’ ಎಂದು ಮೂರು ಸಾಲು ಬರೆದರೆ ದೊಡ್ಡ ಊರಿಗೆ ಮೂರು ಪಾಲು ಸಿಕ್ಕಂತೆ. ಪ್ರತಿ ಅಂಶದ ತೂಕವನ್ನು ಸ್ವಲ್ಪ ಏರಿಸಿ, ಇಳಿಸಿ ಮತ್ತೆ ಕೂಡಿ ನೋಡಬೇಕು. ಆಗಲೂ ಅದೇ ಜಾಗ ಮೇಲೆ ಬಂದರೆ ತೀರ್ಮಾನ ಗಟ್ಟಿ. ಬದಲಾದರೆ ಎರಡೂ ಸಮ ಎಂದು ಸಭೆಗೆ ಹೇಳಿ, ದೂರದ ಊರಿನ ಮಕ್ಕಳಿಗೆ ಅನುಕೂಲವಾದುದನ್ನು ಆರಿಸಿ ಎಂದು ನಾನು ಒತ್ತಾಯಿಸುತ್ತೇನೆ.

ಆಕ್ಷೇಪಣೆಗಳನ್ನು ಒಂದು ಪುಸ್ತಕದಲ್ಲಿ, ಹೇಳಿದವರ ಮಾತಿನಲ್ಲೇ ಬರೆದು ಸಹಿ ಪಡೆಯುತ್ತೇವೆ. ‘ಅಲ್ಲಿ ನೀರು ನಿಲ್ಲುತ್ತದೆ’ ಎನ್ನುವುದು ಪರೀಕ್ಷಿಸಬಹುದಾದ ಮಾತು: ಜೋರು ಮಳೆಯ ಮರುದಿನ ಆಕ್ಷೇಪಿಸಿದವರನ್ನೇ ಕರೆದುಕೊಂಡು ಹೋಗಿ ನೋಡಬೇಕು. ‘ನಮ್ಮ ಊರಿಗೆ ಏನೂ ಬರುವುದಿಲ್ಲ’ ಎನ್ನುವುದಕ್ಕೆ ಪರೀಕ್ಷೆಯಿಲ್ಲ, ಮಾತುಕತೆಯೇ ಬೇಕು. ಬಸ್ಸು, ಕಾಲುಸೇತುವೆ, ಗ್ರಂಥಾಲಯ, ಆಟದ ಮೈದಾನ ಏನೇ ಒಪ್ಪಿದರೂ ಹಣ ಎಲ್ಲಿಂದ, ಯಾವ ತಿಂಗಳೊಳಗೆ, ಯಾರ ಹೊಣೆ ಎಂಬುದು ಜಾಗದ ನಿರ್ಣಯದ ಅದೇ ಹಾಳೆಯಲ್ಲಿರಬೇಕು. ಬೇರೆ ಹಾಳೆಗೆ ಹೋದ ಭರವಸೆ ಕಟ್ಟಡ ಏಳುವಷ್ಟರಲ್ಲಿ ಮರೆತುಹೋಗಿರುತ್ತದೆ. ಶಾಲೆಯ ಹೆಸರನ್ನು ಮಾತ್ರ ಈ ಚರ್ಚೆಗೆ ಸೇರಿಸಬೇಡಿ. ಸೇರಿದರೆ ಮೈಲಿ, ಮಣ್ಣು ಎಲ್ಲ ಹಿಂದೆ ಸರಿದು ಊರಿನ ಮಾನದ ಪ್ರಶ್ನೆಯೊಂದೇ ಉಳಿಯುತ್ತದೆ.

ನಿರ್ಣಯದಲ್ಲಿ ಎರಡನೇ ಜಾಗದ ಹೆಸರೂ ಇರಲಿ. ಸರ್ವೆಯಲ್ಲಿ ಸರಹದ್ದು ಕಡಿಮೆ ಬರುವುದು, ದಾನಿಯ ಅಣ್ಣತಮ್ಮಂದಿರು ತಕರಾರು ಹಾಕುವುದು, ಕೊಳವೆಬಾವಿಯಲ್ಲಿ ನೀರು ಬಾರದಿರುವುದು, ಇವೆಲ್ಲ ತೀರ್ಮಾನದ ನಂತರವೇ ಹೊರಬರುತ್ತವೆ. ನೋಂದಣಿ ಮುಗಿದು, ಮಣ್ಣಿನ ವರದಿ ಕೈಗೆ ಬಂದು, ಸರಹದ್ದಿನ ಕಲ್ಲು ನೆಡುವವರೆಗೆ ಎರಡನೇ ಜಾಗದವರಿಗೆ ‘ಬೇಡ’ ಎಂದು ಪತ್ರ ಬರೆಯಬೇಡಿ.