ಕಲಬುರಗಿ ಬಿಸಿಲು, ಮನೆ ಕರೆಂಟು ಮತ್ತು ಒಂದು ಗೇಮಿಂಗ್ ಕಂಪ್ಯೂಟರ್

ಗೇಮಿಂಗ್ ಕಂಪ್ಯೂಟರ್ ಕಟ್ಟುವವರು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿನಿಂದ ಶುರು ಮಾಡುತ್ತಾರೆ. ನಾನು ಗೋಡೆಯ ಪ್ಲಗ್ಗಿನಿಂದ ಶುರು ಮಾಡಿದೆ. ಯೂಟ್ಯೂಬಿನಲ್ಲಿ ಸಿಗುವ ಬಿಡಿಭಾಗಗಳ ಪಟ್ಟಿಗಳು ಬಹುತೇಕ ತಂಪು ಕೋಣೆಯಲ್ಲಿ, ಏರಿಳಿತವಿಲ್ಲದ ಕರೆಂಟಿನಲ್ಲಿ ಪರೀಕ್ಷೆಯಾದವು. ಮೇ ತಿಂಗಳಲ್ಲಿ 42–43 ಡಿಗ್ರಿ ಮುಟ್ಟುವ ಊರು ನಮ್ಮದು. ಏಪ್ರಿಲ್, ಮೇನಲ್ಲಿ ಸರಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಇಲ್ಲಿಗೆ ಆ ಪಟ್ಟಿ ಇದ್ದ ಹಾಗೇ ಒಗ್ಗುವುದಿಲ್ಲ.

ಕಟ್ಟಬೇಕಾಗಿದ್ದು ಅಕ್ಕನ ಮಗನಿಗೆ, 2023ರ ಚಳಿಗಾಲದಲ್ಲಿ. ಹುಡುಗ ಇಂಜಿನಿಯರಿಂಗ್ ಓದುತ್ತಿದ್ದ. "ಮಾಮಾ, ಎಂಬತ್ತು ಸಾವಿರದಾಗ ಎಲ್ಲಾ ಮುಗೀಬೇಕು ನೋಡು, ಮಾನಿಟರ್ ಸುದ್ದಾ. ಅಪ್ಪ ಅದರ ಮ್ಯಾಲ ಒಂದು ರೂಪಾಯಿ ಕೊಡಂಗಿಲ್ಲ" ಅಂದ. ಅವನಿಗೆ ವ್ಯಾಲರಂಟ್ ಸರಾಗವಾಗಿ ಓಡಬೇಕು, ಜಿಟಿಎ 5 ಆಡಬೇಕು, ಆಟವನ್ನು ಆಗಾಗ ರೆಕಾರ್ಡ್ ಮಾಡಬೇಕು, ಜೊತೆಗೆ ಕಾಲೇಜಿನ ಪ್ರಾಜೆಕ್ಟೂ ಆಗಬೇಕು. ಅಂದರೆ 1080ಪಿ (ಫುಲ್ ಎಚ್‌ಡಿ) ಮಾನಿಟರಿಗೆ ಸಾಕಾಗುವ ಯಂತ್ರ. 4ಕೆ ಹುಚ್ಚು ಇರಲಿಲ್ಲ, ಪುಣ್ಯ.

ಅಕ್ಕನ ಮನೆ ದಾಲ್ ಮಿಲ್ಲುಗಳ ಕಡೆಗಿದೆ. ಹಿಂದಿನ ಮಿಲ್ಲಿನ ಮೋಟಾರು ಎಳೆಯಲು ಶುರುವಾದರೆ ಮನೆಯ ಲೈಟು ಮಂಕಾಗುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದಾಗ ಸಂಜೆ ಹೊತ್ತು 185 ವೋಲ್ಟಿನ ಆಸುಪಾಸು, ರಾತ್ರಿ ಎಲ್ಲರೂ ಮಲಗಿದ ಮೇಲೆ 240 ದಾಟುತ್ತಿತ್ತು. ಇಂಥ ಮನೆಗೆ ಮೊದಲು ಆರಿಸಬೇಕಾದ್ದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ. ಅಂಗಡಿಯಲ್ಲಿ ಅದನ್ನು ಕೈಗೆ ತೆಗೆದುಕೊಂಡು ಬದಿಯ ಚೀಟಿ ಓದಿದೆ. ಅಗ್ಗದ ಎಷ್ಟೋ ಎಸ್‌ಎಂಪಿಎಸ್‌ಗಳ ಮೇಲೆ ಎಸಿ ಇನ್‌ಪುಟ್ 200–240 ವೋಲ್ಟ್ ಎಂದು ಬರೆದಿರುತ್ತದೆ. ನಮ್ಮ ಸಂಜೆಯ 185 ಆ ಗೆರೆಗಿಂತ ಕೆಳಗೆ ಬೀಳುತ್ತದೆ. 100–240 ಎಂದು ಬರೆದದ್ದೇ ಬೇಕು ಅಂತ ಹಟ ಹಿಡಿದೆ.

ಅದೇ ಚೀಟಿಯಲ್ಲಿ ನೋಡಬೇಕಾದ ಇನ್ನೊಂದು ಸಾಲು, 12 ವೋಲ್ಟಿನ ಎದುರಿಗಿರುವ ಆಂಪಿಯರ್. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎರಡೂ ಉಣ್ಣುವುದು ಆ 12 ವೋಲ್ಟಿನಿಂದಲೇ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 500 ವಾಟ್ ಇದ್ದು, ಒಳಗೆ 12 ವೋಲ್ಟಿಗೆ 25 ಆಂಪಿಯರ್ ಇದ್ದರೆ ಗುಣಿಸಿ ನೋಡಿ: ನಿಜಕ್ಕೂ ಕೆಲಸಕ್ಕೆ ಬರುವುದು 300 ವಾಟ್. 80 ಪ್ಲಸ್ ಎಂಬ ಮುದ್ರೆಯನ್ನು ನಮ್ಮ ಕಡೆ ಗುಣಮಟ್ಟದ ಸರ್ಟಿಫಿಕೇಟಿನಂತೆ ತೋರಿಸುತ್ತಾರೆ. ಅದು ಹೇಳುವುದು ಎಷ್ಟು ಕರೆಂಟು ಶಾಖವಾಗಿ ಪೋಲಾಗುತ್ತದೆ ಎಂಬುದನ್ನು ಮಾತ್ರ. ನಾನು ತಂದದ್ದು ಐದು ವರ್ಷದ ವಾರಂಟಿಯ 550 ವಾಟಿನ, 80 ಪ್ಲಸ್ ಬ್ರಾಂಜ್ ದರ್ಜೆಯದು, ಸುಮಾರು 4,800 ರೂಪಾಯಿ. ಅಂಗಡಿಯವರಿಗೇ ಆಶ್ಚರ್ಯ: "ಇಷ್ಟು ರೊಕ್ಕ ಕರೆಂಟಿನ ಡಬ್ಬಿಗಿ ಯಾಕ್ರೀ ಸರ? ಕ್ಯಾಬಿನೆಟ್ ಜೋಡಿ ಫ್ರೀ ಬರ್ತದಲ್ರಿ!" ಹಾಗೆ ಫ್ರೀ ಬರುವುದನ್ನು ಟೈಪಿಂಗ್ ಮಾಡುವ ಕಂಪ್ಯೂಟರಿಗೆ ಹಾಕಿಕೊಳ್ಳಲಿ. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ ಬೇಡ.

ಅರ್ಥಿಂಗ್ ವಿಷಯ ಯಾರೂ ಹೇಳುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ದೂರುವವರ ಮನೆಯಲ್ಲಿ ಕಂಪ್ಯೂಟರಿಗಿಂತ ಮೊದಲು ಮೂರನೆಯ ಪಿನ್ನಿನ ತಂತಿ ಎಲ್ಲಿಗೆ ಹೋಗಿದೆ ಎಂದು ನೋಡಬೇಕು. ನಮ್ಮ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿ ಹೋಗುತ್ತದೆ. ಉಪ್ಪು, ಇದ್ದಿಲು ತುಂಬಿದ ಗುಂಡಿಗೆ ಆಗಾಗ ಕೊಡ ನೀರು ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನಾನು ಎಲೆಕ್ಟ್ರಿಷಿಯನ್ನನ್ನು ಕರೆಸದೆ ಮುಂದೆ ಹೋಗುವುದಿಲ್ಲ.

ಯುಪಿಎಸ್ ಲೆಕ್ಕ ಹೀಗೆ ಹಾಕಿದೆ. ಪ್ರೊಸೆಸರಿಗೆ ಪೂರ್ತಿ ಹೊರೆಯಲ್ಲಿ 80 ವಾಟ್ ಹಿಡಿಯೋಣ, ಕಾರ್ಡಿಗೆ 132, ಮದರ್‌ಬೋರ್ಡು, ರ್ಯಾಮ್, ಫ್ಯಾನು ಸೇರಿ 45. ಒಟ್ಟು 257. ಎಸ್‌ಎಂಪಿಎಸ್ ತನ್ನ ಪಾಲಿನ ಪೋಲು ಸೇರಿಸಿ ಗೋಡೆಯಿಂದ ಎಳೆಯುವುದು ಸುಮಾರು 300, ಮಾನಿಟರಿಗೆ 25. ಮಾಮೂಲಿ 600 ವಿಎ ಯುಪಿಎಸ್ ಕೊಡುವುದೇ 360 ವಾಟ್. ಲೆಕ್ಕದಲ್ಲಿ ಪಾಸಾದರೂ ಆಟದ ನಡುವೆ ಕಾರ್ಡು ಒಮ್ಮೆಲೇ ಹೆಚ್ಚು ಎಳೆದರೆ ಅದು ಕೈ ಎತ್ತುತ್ತದೆ. ಹಾಗಾಗಿ 1000 ವಿಎ ತೆಗೆದುಕೊಂಡೆ. ಮನೆಯ ಇನ್‌ವರ್ಟರ್ ಇದೆಯಲ್ಲ, ಅದೇ ಸಾಕು ಎಂದು ಭಾವ ವಾದಿಸಿದರು. ಕಂಪ್ಯೂಟರ್ ಆರಿ ಹೋಗಬಾರದೆಂದರೆ ಇನ್‌ವರ್ಟರನ್ನು ಯುಪಿಎಸ್ ಮೋಡಿನಲ್ಲಿಡಬೇಕು. ಆ ಮೋಡಿನಲ್ಲಿ ವೋಲ್ಟೇಜು 180ರ ಹತ್ತಿರ ಬಂದರೆ ಸಾಕು, ಅದು ಬ್ಯಾಟರಿಗೆ ಹಾರುತ್ತದೆ. ನಮ್ಮ ಸಂಜೆಗಳಲ್ಲಿ ಮನೆಯ ಫ್ಯಾನು, ಲೈಟು ಎಲ್ಲ ಬ್ಯಾಟರಿ ಮೇಲೆಯೇ ನಡೆದು, ನಿಜವಾಗಿ ಕರೆಂಟು ಹೋದಾಗ ಬ್ಯಾಟರಿ ಖಾಲಿ ಇರುತ್ತಿತ್ತು. ಯುಪಿಎಸ್ ತಂದ ಮೇಲೆ ಆಟ ಓಡುತ್ತಿರುವಾಗಲೇ ಗೋಡೆಯ ಸ್ವಿಚ್ಚು ಆರಿಸಿ ನೋಡಬೇಕು. ಅಗ್ಗದ ಯುಪಿಎಸ್‌ಗಳು ಕೊಡುವ ಮೆಟ್ಟಿಲಿನಾಕಾರದ ಅಲೆ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ ಹಿಡಿಸುವುದಿಲ್ಲ, ಆ ಕ್ಷಣಕ್ಕೇ ಆಫ್ ಆಗಿಬಿಡುತ್ತವೆ. ವಾಪಸು ಕೊಡುವ ಅವಧಿಯೊಳಗೆ ಈ ಪರೀಕ್ಷೆ ಮುಗಿಸಿಕೊಳ್ಳಿ.

ಇಷ್ಟಾದ ಮೇಲೆ ಪ್ರೊಸೆಸರು. 1080ಪಿ ಆಟಕ್ಕೆ ಆಗ ಸರಿಯಾದ ಪೈಪೋಟಿ ಇದ್ದದ್ದು ಇಂಟೆಲ್ ಐ5-12400ಎಫ್ ಮತ್ತು ಎಎಂಡಿ ರೈಜೆನ್ 5 5600 ನಡುವೆ. ಎರಡಕ್ಕೂ ಆರು ಕೋರು, ಹನ್ನೆರಡು ಥ್ರೆಡ್ಡು. ಆಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತೀರ್ಮಾನ ಮಾಡಿದ್ದು ಬೋರ್ಡು. ಅದೇ ರೊಕ್ಕಕ್ಕೆ ಇಂಟೆಲ್ ಕಡೆ ಸಿಗುತ್ತಿದ್ದ ಬೋರ್ಡಿನಲ್ಲಿ ಪ್ರೊಸೆಸರಿಗೆ ಕರೆಂಟು ಹಂಚುವ ಭಾಗದ ಮೇಲೆ ಹೀಟ್‌ಸಿಂಕ್ ಇರಲಿಲ್ಲ. ರೈಜೆನ್ ಕಡೆ ಸುಮಾರು 9,500ಕ್ಕೆ ಹೀಟ್‌ಸಿಂಕ್ ಇರುವ, ನಾಲ್ಕು ರ್ಯಾಮ್ ಸ್ಲಾಟಿನ ಬಿ550 ಮೈಕ್ರೋ ಎಟಿಎಕ್ಸ್ ಬೋರ್ಡು ಸಿಕ್ಕಿತು. ಬೇಸಿಗೆ ಲೆಕ್ಕ ಹಾಕುವವನಿಗೆ ಅಲ್ಲಿಗೆ ಮಾತು ಮುಗಿಯಿತು.

ಅಂಗಡಿಯಲ್ಲಿ ಒಬ್ಬರು 5600ಜಿ ತೋರಿಸಿದರು: "ಇದ್ರಾಗ ಗ್ರಾಫಿಕ್ಸ್ ಒಳಗೇ ಅದ್ರಿ. ನಾಳಿ ಕಾರ್ಡ್ ಕೆಟ್ರೂ ಡಿಸ್ಪ್ಲೇ ಬರ್ತದ." ಮಾತು ಸುಳ್ಳಲ್ಲ. 5600ರಲ್ಲಾಗಲಿ, ಇಂಟೆಲ್‌ನ ಎಫ್ ಅಕ್ಷರದ ಪ್ರೊಸೆಸರುಗಳಲ್ಲಾಗಲಿ ಕಾರ್ಡಿಲ್ಲದೆ ಪರದೆ ಬೆಳಗುವುದಿಲ್ಲ. ಆದರೆ 5600ರ ಎಲ್3 ಕ್ಯಾಷ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 32 ಎಂಬಿ, 5600ಜಿಯದು 16 ಎಂಬಿ. ಆಟದಲ್ಲಿ ಫ್ರೇಮು ಹೆಚ್ಚಿಸುವುದು ಈ ಕ್ಯಾಷ್. ಮೇಲಾಗಿ ಕಾರ್ಡಿಗೆ ಮಾಹಿತಿ ಹರಿಯುವ ಪಿಸಿಐಇ ದಾರಿ ಜಿ ಪ್ರೊಸೆಸರಿನಲ್ಲಿ 3.0ಕ್ಕೇ ನಿಲ್ಲುತ್ತದೆ, ಆಗ 4.0 ಕೊಡಬಲ್ಲ ಬಿ550 ಬೋರ್ಡಿಗೆ ಕೊಟ್ಟ ಹೆಚ್ಚಿನ ರೊಕ್ಕ ನೀರಿಗೆ. ಕಾರ್ಡು ಈಗಲೇ ಕೊಳ್ಳಲು ಆಗದವರಿಗೆ ಮಾತ್ರ ಜಿ ಒಳ್ಳೆಯದು.

ಹೊಂದಾಣಿಕೆಯಲ್ಲಿ ಬಹಳ ಜನ ಎಡವುವುದು ಬಯೋಸ್‌ನಲ್ಲಿ, ಅಂದರೆ ಆನ್ ಮಾಡಿದ ಕೂಡಲೇ ಓಡುವ ಬೋರ್ಡಿನದೇ ಸಾಫ್ಟ್‌ವೇರಿನಲ್ಲಿ. ಈ ರೈಜೆನ್ ಕೂರುವ ಎಎಂ4 ಸಾಕೆಟ್ 2016ರಿಂದ ಇದೆ. ತೂತು ಹೊಂದಿತು ಅಂತ ಪ್ರೊಸೆಸರು ಓಡಬೇಕೆಂದಿಲ್ಲ. ರೈಜೆನ್ 5 5600 ಬಂದದ್ದು 2022ರ ಏಪ್ರಿಲಿನಲ್ಲಿ. ಹಳೆಯ ಬಿ450 ಬೋರ್ಡ್ ಆಗಲಿ, 2020ರ ಮಧ್ಯದಲ್ಲಿ ಬಂದ ಬಿ550 ಆಗಲಿ, ಗೋದಾಮಿನಲ್ಲಿ ಹಳೆಯ ಬಯೋಸ್ ಹೊತ್ತು ಕೂತಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ಕಂಪನಿಯ ಸೈಟಿನಲ್ಲಿ ಪ್ರತಿ ಪ್ರೊಸೆಸರಿನ ಎದುರಿಗೂ ಯಾವ ಬಯೋಸಿನಿಂದ ಬೆಂಬಲವಿದೆ ಎಂಬ ಪಟ್ಟಿ ಇರುತ್ತದೆ. ಅದನ್ನು ನೋಡಿಕೊಂಡು, ಪ್ರೊಸೆಸರಿಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ಹಾಕಬಹುದಾದ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ಆರಿಸಿದೆ. ಇಂಟೆಲ್ ಕಡೆ ಇನ್ನೊಂದು ಬಗೆಯ ತೊಡಕು: ಅದರ ಎಲ್‌ಜಿಎ 1700 ಸಾಕೆಟ್ಟಿನ ಬೋರ್ಡುಗಳಲ್ಲಿ ಡಿಡಿಆರ್4 ರ್ಯಾಮಿಗೆ ಬೇರೆ, ಡಿಡಿಆರ್5ಗೆ ಬೇರೆ ಮಾದರಿಗಳಿವೆ. ಹೆಸರು ಹೆಚ್ಚುಕಡಿಮೆ ಒಂದೇ. ರ್ಯಾಮ್ ಮೊದಲೇ ಕೊಂಡವರು ಬಿಲ್ಲಿನ ಪೂರ್ತಿ ಮಾದರಿ ಸಂಖ್ಯೆ ಓದಬೇಕು.

ರ್ಯಾಮ್ 8 ಜಿಬಿಯ ಎರಡು ಕಡ್ಡಿ, 3200 ವೇಗದ್ದು. 16ರ ಒಂದೇ ಕಡ್ಡಿ ಹಾಕಿ ಮುಂದೆ ಇನ್ನೊಂದು ಸೇರಿಸೋಣ ಎಂಬ ಸಲಹೆ ಬಂತು. ಒಂದೇ ಕಡ್ಡಿಯಾದರೆ ಒಂದೇ ಚಾನೆಲ್, ಅಂದರೆ ಪ್ರೊಸೆಸರಿಗೆ ಮಾಹಿತಿ ಹರಿಯಲು ಒಂದೇ ದಾರಿ. ವ್ಯಾಲರಂಟಿನಂಥ ಆಟದಲ್ಲಿ ಅದರ ಪೆಟ್ಟು ಕಣ್ಣಿಗೇ ಕಾಣುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಆಮೇಲೆ ಬಯೋಸಿಗೆ ಹೋಗಿ ಎಕ್ಸ್‌ಎಂಪಿ (ರ್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗು) ಆನ್ ಮಾಡದಿದ್ದರೆ 3200ರ ಕಡ್ಡಿ 2133ಕ್ಕೋ 2666ಕ್ಕೋ ಓಡುತ್ತಿರುತ್ತದೆ. ಪರಿಚಿತರ ಕಂಪ್ಯೂಟರುಗಳಲ್ಲಿ ನಾನು ಪುಕ್ಕಟೆಯಾಗಿ ವೇಗ ಹೆಚ್ಚಿಸಿ ಕೊಟ್ಟಿರುವುದು ಬಹುಪಾಲು ಈ ಒಂದು ಸೆಟ್ಟಿಂಗಿನಿಂದಲೇ.

ಗ್ರಾಫಿಕ್ಸ್ ಕಾರ್ಡು ಆರ್‌ಎಕ್ಸ್ 6600, ಸುಮಾರು 21,000. ಆರ್‌ಟಿಎಕ್ಸ್ 4060 ಇನ್ನೂ ಎಂಟು ಸಾವಿರ ಮೇಲಿತ್ತು. ಚೆನ್ನಾಗಿದೆ, 115 ವಾಟಿನಲ್ಲಿ ಮುಗಿಸುತ್ತದೆ, ಆದರೆ ಮೆಮೊರಿ ಅದಕ್ಕೂ ಅದೇ 8 ಜಿಬಿ. ಆ ಎಂಟು ಸಾವಿರದಲ್ಲಿ ನನಗೆ ಯುಪಿಎಸ್ಸೂ ಕೂಲರೂ ಬಂದವು. ಅಗ್ಗವೆಂದು ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ಹುಡುಗನ ಕಣ್ಣು ಹೋಗಿತ್ತು. ಅದಕ್ಕೆ ಪಿಸಿಐಇಯ ನಾಲ್ಕೇ ಲೇನು, ಮೆಮೊರಿ 4 ಜಿಬಿ, ವಿಡಿಯೋ ಎನ್‌ಕೋಡರ್ ಇಲ್ಲ. ಆಟ ರೆಕಾರ್ಡ್ ಮಾಡುವವನಿಗೆ ಅದು ಬೇಡವೇ ಬೇಡ. ಹಳೆಯ ಮಾರುಕಟ್ಟೆಯ ಆರ್‌ಎಕ್ಸ್ 580ಗಳಲ್ಲಿ 2048ಎಸ್‌ಪಿ ಎಂದು ಬರೆದವೂ ಇರುತ್ತವೆ. ಅಸಲಿ 580ರಲ್ಲಿ 2304 ಶೇಡರುಗಳು (ಚಿತ್ರ ಬಿಡಿಸುವ ಪುಟ್ಟ ಘಟಕಗಳು). ಹೆಸರು ಅದೇ, ಒಳಗಿನ ಸರಕು ಕಡಿಮೆ.

ಈಗ ಶಾಖ. ಕೋಣೆಯ ತಾಪ ಎಷ್ಟು ಏರುತ್ತದೋ ಒಳಗಿನ ಚಿಪ್ಪಿನ ತಾಪವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 24 ಡಿಗ್ರಿಯ ಕೋಣೆಯಲ್ಲಿ 72 ತೋರಿಸಿದ ಪ್ರೊಸೆಸರು ನಮ್ಮ 38ರ ಕೋಣೆಯಲ್ಲಿ 86. ಈ ಪ್ರೊಸೆಸರಿನ ಗರಿಷ್ಠ ಮಿತಿಯೇ 90. ಡಬ್ಬದ ಜೊತೆ ಬರುವ ಪುಟ್ಟ ಕೂಲರ್ ಬೆಂಗಳೂರಿಗೆ ಸಾಕು. ಇಲ್ಲಿಗೆ 1,800 ಕೊಟ್ಟು 120 ಮಿಮೀ ಫ್ಯಾನಿನ ಟವರ್ ಕೂಲರ್ ಹಾಕಿದೆ. ಅದರ ಎತ್ತರ 155 ಮಿಮೀ, ಕ್ಯಾಬಿನೆಟ್ ಬಿಡುವುದು 160. ಈ ಐದು ಮಿಲಿಮೀಟರನ್ನು ಕೊಳ್ಳುವ ಮೊದಲೇ ನೋಡಬೇಕು, ಕಾರ್ಡಿನ ಉದ್ದವನ್ನೂ. ಕ್ಯಾಬಿನೆಟ್ಟಿಗೆ ಮುಂದೆ ಗಾಜು ಬೇಡ, ಜಾಲರಿ ಇರಲಿ. ಜಾಲರಿಯ ಹಿಂದೆ ತೊಳೆಯಲು ಬರುವ ಫಿಲ್ಟರ್ ಇರಲಿ. ಒಳಗೆ ಊದುವ ಫ್ಯಾನು ಎರಡು, ಹೊರಗೆ ಎಳೆಯುವುದು ಒಂದು ಇಟ್ಟರೆ ಸಂದುಗಳಿಂದ ಧೂಳು ಒಳಗೆ ಬರುವುದು ಕಡಿಮೆ. ಇನ್ನು ಕೋಣೆಗೆ ಇಡುವ ನೀರಿನ ಏರ್ ಕೂಲರ್: ಅದರ ಗಾಳಿಗೆ ಕಂಪ್ಯೂಟರನ್ನು ಎದುರು ಮಾಡಿ ಇಡುವವರನ್ನು ನೋಡಿದ್ದೇನೆ. ತೇವದ ಗಾಳಿಗೆ ಬೇಳೆ ಮಿಲ್ಲಿನ ಧೂಳು ಸೇರಿ ಹೀಟ್‌ಸಿಂಕಿನ ಮೇಲೆ ರೊಟ್ಟಿ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ, ಬ್ರಷ್ಷಿಗೂ ಬರುವುದಿಲ್ಲ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 1 ಟಿಬಿ, ಎನ್‌ವಿಎಂಇ (ವೇಗದ ಬಗೆ), ಟಿಎಲ್‌ಸಿ ಮೆಮೊರಿಯದು. ಬೋರ್ಡಿಗೇ ಸಿಕ್ಕಿಸುವ ಎಂ.2 ಆಕಾರ ಕಂಡ ಮಾತ್ರಕ್ಕೆ ಎನ್‌ವಿಎಂಇ ಅಂದುಕೊಳ್ಳಬಾರದು, ಹಳೆಯ, ನಿಧಾನದ ಸಾಟಾ ವೇಗದ ಎಂ.2ಗಳೂ ಇವೆ. ಮಾನಿಟರ್ 24 ಇಂಚು, 165 ಹರ್ಟ್ಜ್, ಡಿಸ್‌ಪ್ಲೇಪೋರ್ಟ್ ಕೇಬಲ್ ಕಾರ್ಡಿಗೇ ಸಿಕ್ಕಿಸಿದ್ದು.

ಕೊಂಡದ್ದು ಎರಡು ಕಡೆ. ಕಾರ್ಡು, ಪ್ರೊಸೆಸರು, ಎಸ್‌ಎಸ್‌ಡಿ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆಯಾದ ಚಿನಾಯ್ ಟ್ರೇಡ್ ಸೆಂಟರಿನಲ್ಲಿ. ಕಲಬುರಗಿಯಿಂದ ವಾಡಿ, ತಾಂಡೂರು ಮೇಲೆ ರೈಲು ಹಿಡಿದರೆ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಅಲ್ಲಿ ದರ ಕೇಳುವಾಗ ಪ್ರೊಸೆಸರು ಬಾಕ್ಸೋ ಟ್ರೇಯೋ (ಡಬ್ಬವಿಲ್ಲದ ಬಿಡಿ ಮಾಲು) ಎಂದು ಕೇಳಲೇಬೇಕು. ಟ್ರೇ ಮಾಲು ಅಗ್ಗ, ಆದರೆ ವಾರಂಟಿ ಆ ಅಂಗಡಿಯ ಬಾಯಿಮಾತಿನ ಮೇಲೆ. ಬೋರ್ಡು, ಎಸ್‌ಎಂಪಿಎಸ್, ಯುಪಿಎಸ್, ಮಾನಿಟರ್ ಮಾತ್ರ ಕಲಬುರಗಿಯಲ್ಲೇ ತೆಗೆದುಕೊಂಡೆ, ಮುನ್ನೂರು ನಾನೂರು ಹೆಚ್ಚಾದರೂ. ಕರೆಂಟಿನ ಪೆಟ್ಟು ಮೊದಲು ಬೀಳುವುದು ಇವುಗಳ ಮೇಲೆ. ಕೆಟ್ಟರೆ ಸ್ಕೂಟರಿನ ಮೇಲಿಟ್ಟುಕೊಂಡು ಹೋಗುವಷ್ಟು ದೂರದಲ್ಲಿರಬೇಕು. ಎಲ್ಲದಕ್ಕೂ ಜಿಎಸ್‌ಟಿ ಬಿಲ್ಲು, ಬಿಲ್ಲಿನ ಮೇಲೆ ಸೀರಿಯಲ್ ನಂಬರು. ಶೇಕಡಾ 18 ಉಳಿಸುತ್ತೇವೆ ಎಂದು ಕಚ್ಚಾ ಚೀಟಿ ಕೊಡುವವರ ಹತ್ತಿರ ನಾನು ವ್ಯಾಪಾರ ಮಾಡುವುದಿಲ್ಲ.

ಹದಿನೈದು ಸಾವಿರಕ್ಕೆ ಐ7, 16 ಜಿಬಿ ಎಂದು ಮಾರುವ ಸೆಟ್ಟುಗಳ ಬಗ್ಗೆ ಈಗಲೂ ಜನ ನನ್ನನ್ನು ಕೇಳುತ್ತಾರೆ. ಬಹುತೇಕ ಅವು 2012ರ ಹೊತ್ತಿನ ಮೂರನೇ ತಲೆಮಾರಿನ ಐ7, ಡಿಡಿಆರ್3 ರ್ಯಾಮ್. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್ ಎಂಟನೇ ತಲೆಮಾರಿನಿಂದ ಮೇಲಿನದನ್ನೇ ಒಪ್ಪುವುದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ನಾನು ಹೇಳಿದ ದರಗಳು ಆಗಿನವು. 2025ರ ಕೊನೆಗೆ ರ್ಯಾಮ್ ದರ ಏರಿದ ರೀತಿ ನೋಡಿದರೆ ಆಗ 3,800ಕ್ಕೆ ತಂದದ್ದು ಲಾಭ ಅನಿಸುತ್ತದೆ. ಇವತ್ತು ಹೊಸದಾಗಿ ಕಟ್ಟುವವರು ಎಎಂಡಿಯ ಹೊಸ ಸಾಕೆಟ್ ಎಎಂ5 ನೋಡಲಿ, ಮುಂದೆ ಪ್ರೊಸೆಸರ್ ಬದಲಿಸುವ ದಾರಿ ಅಲ್ಲಿದೆ. ಆದರೆ ಅದು ಡಿಡಿಆರ್5 ಬಿಟ್ಟು ಬೇರೆ ಮುಟ್ಟುವುದಿಲ್ಲ, ಆದ್ದರಿಂದ ಬೋರ್ಡಿಗಿಂತ ಮೊದಲು ರ್ಯಾಮ್ ದರ ಕೇಳಿಕೊಂಡು ಹೋಗಿ. ಮನೆಯಲ್ಲಿ ಡಿಡಿಆರ್4 ಕಡ್ಡಿಗಳಿದ್ದರೆ ಎಎಂ4ನಲ್ಲೇ ಇರುವುದು ಜಾಣತನ. ಹುಡುಗನ ಬಿ550 ಬೋರ್ಡಿಗೆ ಬಯೋಸ್ ಹೊಸದು ಮಾಡಿದರೆ ಇನ್ನೂ ವೇಗದ 5700ಎಕ್ಸ್3ಡಿ ಪ್ರೊಸೆಸರು ಕೂಡ ಕೂರುತ್ತದೆ. ಈಗ ಅವನು ಸೆಕೆಂಡ್‌ಹ್ಯಾಂಡ್ ಒಂದನ್ನು ಹುಡುಕುತ್ತಿದ್ದಾನೆ. ಬಾಕ್ಸು, ಬಿಲ್ಲು ಎರಡೂ ಇದ್ದರೆ ಮಾತ್ರ ರೊಕ್ಕ ಕೊಡು ಅಂದಿದ್ದೇನೆ.