ಬಾಯಿಪಾಠ ಎಲ್ಲಿ ಬೇಕು, ಎಲ್ಲಿ ಬೇಡ

ಎಂಬಿಬಿಎಸ್‌ಗೆ ಬಾಯಿಪಾಠವೇ ಬೇಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಔಷಧಿಯ ಡೋಸನ್ನು ಯೋಚಿಸಿ ಕಂಡುಹಿಡಿಯಲು ಆಗುವುದಿಲ್ಲ, ಅಲ್ವಾ? ಮೆದುಳಿನಿಂದ ಹೊರಡುವ 12 ಜೊತೆ ನರಗಳ ಹೆಸರೂ ಅಷ್ಟೇ, ನೆನಪಿರಬೇಕು. ಆದರೆ ಕಾರಣ ಗೊತ್ತಾದರೆ ತಾನಾಗಿ ಬರುವುದನ್ನೂ ಉರು ಹೊಡೆಯುತ್ತಾ ಕೂತರೆ ಓದು ಮುಗಿಯುವುದೇ ಇಲ್ಲ.

ದಾವಣಗೆರೆಯಲ್ಲಿ ಓದುವಾಗ ನಾನು ಮಾಡುತ್ತಿದ್ದದ್ದು ಇಷ್ಟು. ಪಾಠ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೆ. ಪ್ರತಿ ಲಕ್ಷಣದ ಮುಂದೆ ‘ಯಾಕೆ?’ ಎಂದು ಕೇಳುತ್ತಿದ್ದೆ. ಉತ್ತರ ಸಿಕ್ಕಿದ್ದನ್ನು ಬಾಯಿಪಾಠ ಮಾಡುತ್ತಿರಲಿಲ್ಲ. ಡೋಸು, ಹೆಸರು, ಸಂಖ್ಯೆಗಳು ಮಾತ್ರ ಚಿಕ್ಕ ಚೀಟಿಗೆ ಹೋಗುತ್ತಿದ್ದವು. ದಿನಾ ಉರು ಹೊಡೆಯುತ್ತಿದ್ದದ್ದು ಆ ಚೀಟಿ ಮಾತ್ರ.

ಒಂದು ಉದಾಹರಣೆ. ನಮ್ಮ ಕಡೆ ಮೆಕ್ಕೆಜೋಳ ಜಾಸ್ತಿ. ಬೆಳೆಗೆ ಕೀಟನಾಶಕ ಹೊಡೆಯುವಾಗ ವಿಷ ಮೈಗೇರಿ ಆಸ್ಪತ್ರೆಗೆ ಬರುವವರಿದ್ದಾರೆ. ಇಂಥ ಕೀಟನಾಶಕಗಳ ಒಂದು ಗುಂಪಾದ ಆರ್ಗನೋಫಾಸ್ಫೇಟ್ ವಿಷದ ಲಕ್ಷಣಗಳ ಪಟ್ಟಿ ಉದ್ದ: ಜೊಲ್ಲು, ಕಣ್ಣೀರು, ವಾಂತಿ, ಭೇದಿ, ಎದೆಯಲ್ಲಿ ಗೊರಗೊರ, ಸಾಸಿವೆಯಷ್ಟಾದ ಕಣ್ಣಪಾಪೆ, ಮಾಂಸಖಂಡಗಳ ಅದುರು. ನರದಿಂದ ಗ್ರಂಥಿ, ಮಾಂಸಖಂಡಗಳಿಗೆ ಸಂದೇಶ ಒಯ್ಯುವ ರಾಸಾಯನಿಕ ಅಸಿಟೈಲ್‌ಕೋಲಿನ್. ಅದನ್ನು ಒಡೆಯುವ ಕಿಣ್ವವನ್ನು ಈ ವಿಷ ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ನರದ ತುದಿಯಲ್ಲಿ ತುಂಬಿಕೊಂಡು ಗ್ರಂಥಿ, ಮಾಂಸಖಂಡಗಳನ್ನು ಅತಿಯಾಗಿ ಕೆರಳಿಸುತ್ತದೆ. ಇದೊಂದು ಗೊತ್ತಿದ್ದರೆ ಇಡೀ ಪಟ್ಟಿ ಬರೆಯಬಹುದು.

ಚಿಕಿತ್ಸೆಯೂ ಅಲ್ಲಿಂದಲೇ ಹೊರಡುತ್ತದೆ. ಅಟ್ರೋಪಿನ್ ಎಂಬ ಔಷಧಿ ತಡೆಯುವುದು ಮಸ್ಕರಿನಿಕ್ ಗ್ರಾಹಕಗಳನ್ನು, ಅಂದರೆ ಗ್ರಂಥಿ, ಹೃದಯ ಮುಂತಾದ ಕಡೆ ಅಸಿಟೈಲ್‌ಕೋಲಿನ್‌ನ ಸಂದೇಶ ಹಿಡಿಯುವ ಜಾಗಗಳನ್ನು. ಅದಕ್ಕೇ ಜೊಲ್ಲು ನಿಲ್ಲುತ್ತದೆ, ಎದೆ ಒಣಗುತ್ತದೆ, ನಿಧಾನವಾಗಿದ್ದ ನಾಡಿ ಏರುತ್ತದೆ. ಕೈಕಾಲು, ಉಸಿರಾಟದ ಮಾಂಸಖಂಡಗಳ ಗ್ರಾಹಕಗಳು ನಿಕೋಟಿನಿಕ್ ಎಂಬ ಬೇರೆ ಬಗೆಯವು, ಅವುಗಳನ್ನು ಅಟ್ರೋಪಿನ್ ಮುಟ್ಟುವುದಿಲ್ಲ. ಅಂದರೆ ಎದೆ ಒಣಗಿದರೂ ಉಸಿರಾಟದ ಖಂಡಗಳು ಸೋಲಬಹುದು. ಅಟ್ರೋಪಿನ್ ಹಿಡಿಯಿತು ಅಂತ ಸುಮ್ನೆ ಕೂರುವಂತಿಲ್ಲ, ರೋಗಿ ತಲೆ ಎತ್ತುತ್ತಾನಾ, ಉಸಿರು ಹೇಗಿದೆ ಎಂದು ನೋಡುತ್ತಲೇ ಇರಬೇಕು. ಪಟ್ಟಿ ಮಾತ್ರ ಉರು ಹೊಡೆದವರಿಗೆ ಈ ಎಚ್ಚರ ಎಲ್ಲಿಂದ ಬರಬೇಕು? ಇದನ್ನು ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪಟ್ಟಿ ಒಪ್ಪಿಸಿದರೂ ಪಾಸಾಗಬಹುದು.

2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮ ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳನ್ನು ರೋಗಿಗಳ ಹತ್ತಿರ ಕರೆದೊಯ್ಯುತ್ತದೆ. ಒಳ್ಳೆಯದಾಯಿತು. ಮಂಚದ ಪಕ್ಕ ‘ಯಾಕೆ’ ಎಂದು ಕೇಳುವವರು ಮೇಷ್ಟ್ರು ಮಾತ್ರ ಅಲ್ಲ. "ಡಾಕ್ಟ್ರೇ, ಇಂಜೆಕ್ಷನ್ ಕೊಟ್ಟ್ರಲ್ಲಾ, ಕೈಯಾಗೆ ಯಾಕೆ ಶಕ್ತಿ ಬರ್ತಿಲ್ಲ?" ಎಂದು ರೋಗಿಯ ತಾಯಿ ಕೇಳುತ್ತಾರೆ. ಈಗ ನನ್ನ ಇಂಟರ್ನ್‌ಗಳಿಗೆ ಮೊದಲು ಕೊಡುವ ಕೆಲಸವೇ ಅದು: ಆ ತಾಯಿಗೆ ಅರ್ಥವಾಗುವ ಹಾಗೆ ಉತ್ತರ ಹೇಳಿ, ಆಮೇಲೆ ಕೇಸ್‌ಶೀಟ್ ಬರೆಯಿರಿ.